ಮೇಸ್ತ್ರಿ ಒಡೆದ ನೆಲ

ನಮ್ಮ ಪಕ್ಕದ ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೇ. ತಮ್ಮ ಗಾರೆ ಮೇಸ್ತ್ರಿ, ಮದುವೆಯ ಗೋಜಿಗೇ ಹೋಗದವರು. ಅಕ್ಕ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಒಂದೇ ಸೂರು, ಒಂದೇ ಒಲೆ. ಮಾತು ಮಾತ್ರ ಇಲ್ಲ. ಅಕ್ಕ ತಟ್ಟೆಯನ್ನು ಮೇಜಿನ ಮೇಲೆ ಠಣ್ಣನೆ ಇಟ್ಟರೆ ಊಟಕ್ಕೆ ಬಾ ಎಂದರ್ಥ. ಅದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ಗೋಡೆಯ ಈಚೆಗಿರುವ ನಾನೇ ಗತಿ.

“ಆ ಮನುಷ್ಯನಿಗೆ ಹೇಳಮ್ಮ, ಗ್ಯಾಸ್ ಮುಗಿದಿದೆ.”

“ಅವಳಿಗೆ ಹೇಳು ತಾಯಿ, ನಾಳೆ ಬರುತ್ತೆ.”

ನನಗೇನು ಇವರು ಸಂಬಳ ಕೊಡುತ್ತಿದ್ದರೇ? ಒಂದು ದಿನ ರೇಗಿಹೋಯಿತು. “ಅಲ್ಲ ಅಕ್ಕಾ, ನಾನೇನು ನಿಮ್ಮಿಬ್ಬರ ಟಪಾಲಿನವಳಾ? ಆಗಿದ್ದಾದರೂ ಏನು?” ಎಂದು ಕೇಳಿಯೇಬಿಟ್ಟೆ.

“ಆ ಹಿತ್ತಲು ನೋಡು, ಗೊತ್ತಾಗುತ್ತೆ,” ಎಂದರು ಅಕ್ಕ. “ಅಲ್ಲೆಲ್ಲ ನನ್ನ ಗಿಡ ಇತ್ತು. ಕಾಲಲ್ಲಿ ಮಣ್ಣು ತಂದು ಮನೆ ಗಲೀಜು ಮಾಡ್ತೀನಿ ಅಂತ ಒಂದಿನ ಜಗಳ ತೆಗೆದ. ಅದೇ ವಾರ ನಾನು ಮಂಡಿ ಆಪರೇಷನ್ನಿಗೆ ಹೋದೆ. ಗಿಡ ಎಲ್ಲ ಒಣಗಿದ್ವು, ಬಂದು ಹೊಸದು ನೆಡೋಣ ಅಂತಿದ್ದೆ. ಬಂದು ನೋಡಿದ್ರೆ ಪೂರ್ತಿ ಸಿಮೆಂಟು! ಅವತ್ತು ಬಿಟ್ಟ ಮಾತು, ವರ್ಷಗಳೇ ಆದ್ವು. ಈ ಮನೇಲಿ ನನ್ನ ಮಾತು ಕೇಳ್ತಿದ್ದದ್ದು ಆ ಗಿಡಗಳು ಮಾತ್ರ.”

ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡೆ. ಅವರು ಕಣ್ಣು ಕಣ್ಣು ಬಿಟ್ಟರು. “ಅವಳೇ ಅಲ್ವಾ ಆಸ್ಪತ್ರೆಯಿಂದ ಫೋನ್ ಮಾಡಿ ‘ನಾನು ಬರೋಷ್ಟರಲ್ಲಿ ಹಿತ್ತಲ ನೆಲ ಸರಿ ಮಾಡಿಡೋ’ ಅಂದಿದ್ದು? ಆಪರೇಷನ್ ಆದ ಕಾಲು ಜಾರಬಾರದು ಅಂತ ಕಷ್ಟಪಟ್ಟು ಒಬ್ಬನೇ ಹಾಕಿದೆ. ಬಂದೋಳು ಮುಖ ತಿರುಗಿಸಿದ್ಲು.”

ನಾನು ತಲೆ ಚಚ್ಚಿಕೊಂಡೆ. ಅಕ್ಕನಿಗೆ ನೆಲವೆಂದರೆ ಅಗೆದು ಬಿತ್ತುವ ಜಾಗ. ಜೀವಮಾನವಿಡೀ ಕಂಡವರ ಮನೆಗೆ ನೆಲ ಹಾಕಿದ ಈ ಪುಣ್ಯಾತ್ಮರಿಗೆ ನೆಲವೆಂದರೆ ಇನ್ನೇನು ಹೊಳೆದೀತು! “ಅಗೆದಿಡು ಅಂತ ಹೇಳಿದ್ದು ಮೇಸ್ತ್ರಿ, ಅಗೆದಿಡು ಅಂತ!” ಎಂದೆ. ಅವರು ಮೆಟ್ಟಿಲ ಮೇಲೆ ಕೂತರು. “ಅವಳು ನನ್ನ ಹತ್ರ ಒಂದು ಮಾತಾಡಿದ್ರೆ ಸಾಕು ತಾಯಿ, ಬೈದ್ರೂ ಪರವಾಗಿಲ್ಲ,” ಎಂದರು.

ಅಕ್ಕನಿಗೂ ವಿಷಯ ತಿಳಿಸಿದೆ. ಅವರು ಸೆರಗಿನ ತುದಿ ತಿರುಚಿದರು. “ಗೊತ್ತಾಯ್ತು ಬಿಡಮ್ಮ. ಆದ್ರೆ ಇಷ್ಟು ವರ್ಷ ಆದ್ಮೇಲೆ ಏನಂತ ಶುರು ಮಾಡ್ಲಿ? ಬಾಯೇ ಬರಲ್ಲ.”

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹಾರೆ, ಸುತ್ತಿಗೆ ಹಿಡಿದು ಹಿತ್ತಲಿಗಿಳಿದರು. ಏಟಿಗೆ ಕಿಡಿ ಹಾರುತ್ತಿತ್ತೇ ಹೊರತು ಬಿರುಕು ಬಿಡುತ್ತಿರಲಿಲ್ಲ. “ಯಾರ್ರೀ ಇಷ್ಟು ಗಟ್ಟಿ ಹಾಕಿದ್ದು?” ಎಂದು ಕೆಣಕಿದೆ. “ಯಾವನೋ ಮುಠ್ಠಾಳ,” ಎಂದರು, ನಗಲಿಲ್ಲ. ವಾರಗಟ್ಟಲೆ ಒಡೆದು ಸಿಮೆಂಟು, ಜಲ್ಲಿ ಹೊತ್ತು ಹಾಕಿದರು. ಅಡಿಯ ಮಣ್ಣು ಬಿಳಿಚಿಕೊಂಡಿತ್ತು, ಒಂದು ಎರೆಹುಳುವೂ ಇರಲಿಲ್ಲ. ಅದಕ್ಕೆ ಕೊಳೆತ ಎಲೆ, ಗೊಬ್ಬರ ಸೇರಿಸಿದರು. ಆಮೇಲೆ ಏನು ಮಾಡಿದರು ಗೊತ್ತೇ? ಕೈಯ ಅಭ್ಯಾಸ ಎಲ್ಲಿ ಹೋಗುತ್ತದೆ, ನೆಲ ಬಡಿಯುವ ದಿಮ್ಮಸು ಹೊಡೆದು, ರಸಮಟ್ಟ ಇಟ್ಟು ಸಮ ನೋಡಿ, ಮಣ್ಣನ್ನು ನುಣ್ಣಗೆ ಗಟ್ಟಿ ಮಾಡಿಬಿಟ್ಟರು! ಸುರಿದ ನೀರು ನಿಂತಲ್ಲೇ ನಿಂತಿತು.

“ಅಯ್ಯೋ ನಿಮ್ಮ!” ಎಂದು ನಾನು ಕೂಗುವಷ್ಟರಲ್ಲಿ ಅಕ್ಕ ಹೊರಗೆ ಬಂದರು. ಗುದ್ದಲಿ ಕಸಿದುಕೊಂಡು, ನೋಯುವ ಕಾಲನ್ನೇ ಊರಿಕೊಂಡು ಮಣ್ಣನ್ನು ಹೆಂಟೆ ಹೆಂಟೆಯಾಗಿ ಎಬ್ಬಿಸಿದರು. ತಮ್ಮ ನೋಡಿಕೊಂಡು ಹಿಂದೆಯೇ ಹಾಗೇ ಮಾಡಿದರು. ಮಾತಿಲ್ಲ, ಕತೆಯಿಲ್ಲ.

ಬದನೆ ಸಸಿ ನೆಟ್ಟರು. ಅವು ಬೇರು ಹಿಡಿದ ಮೇಲೆ ಒಂದು ಸಂಜೆ ಅಕ್ಕ ನೀರಿನ ಚೊಂಬು ಹಿಡಿದು ಒಂದು ಸಸಿಯ ಮುಂದೆ ಬಗ್ಗಿ, “ಬಾಯಾರಿದೆಯೇನೋ ನಿಂಗೆ?” ಎಂದರು. ಅಲ್ಲೇ ಜಲ್ಲಿ ಆಯುತ್ತಿದ್ದ ಮೇಸ್ತ್ರಿ ತಲೆ ಎತ್ತಿ, “ಹೂಂ ಅಕ್ಕಾ,” ಅಂದುಬಿಟ್ಟರು.

ಅಕ್ಕ ಗಕ್ಕನೆ ನಿಂತರು. ಉಳಿದ ನೀರು ಅಲ್ಲೇ ಸುರಿದು ಒಳಗೆ ನಡೆದರು. ಆಮೇಲೆ ಎಷ್ಟೋ ದಿನ ಹಿತ್ತಲ ಕಡೆ ತಲೆ ಹಾಕಲಿಲ್ಲ. ಮೇಸ್ತ್ರಿ ಒಬ್ಬರೇ ನೀರು ಹಾಕುತ್ತ, ಬಾಗಿಲ ಕಡೆ ನೋಡುತ್ತ ನಿಂತಿರುತ್ತಿದ್ದರು. ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಮೊನ್ನೆ ಗೋಡೆಯಾಚೆ ಮತ್ತೆ ಅಕ್ಕನ ದನಿ. ಮಂಡಿ ನೋವು, ಕೆಟ್ಟುಹೋದ ಮಿಕ್ಸಿ, ಎಂದೋ ಸತ್ತ ಗಂಡನ ಗೊರಕೆ, ಎಲ್ಲವನ್ನೂ ಸಸಿಗಳಿಗೆ ಹೇಳುತ್ತಿದ್ದರು. ಖುಷಿಯಾಗಿ ಅವರ ಮನೆಯ ಮುಂಬಾಗಿಲಿಂದ ಒಳಗೆ ಹೋದೆ. ಅಡುಗೆಮನೆಯಲ್ಲಿ, ಹಿತ್ತಲ ಬಾಗಿಲ ಸಂದಿಗೆ ಕಿವಿಕೊಟ್ಟು ಮೇಸ್ತ್ರಿ ಮುದುಡಿ ಕೂತಿದ್ದರು.

“ಇದೇನು ಕಳ್ಳರ ಹಾಗೆ? ಹೋಗಿ ಪಕ್ಕದಲ್ಲಿ ಕೂತು ಮಾತಾಡಬಾರದಾ?” ಎಂದೆ.

ಅವರು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟರು.

“ಶ್! ಸುಮ್ನಿರು ತಾಯಿ. ನಾನಿದ್ದೀನಿ ಅಂತ ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ.”