ಊರೊಳಗೆ ಓಡುವ ಕಾರಿನ ಬ್ಯಾಟರಿ

ನಾಲ್ಕೂವರೆಗೆ ಎದ್ದು ಕಾಫಿಗೆ ಇಡಬೇಕು. ಗಂಡ ಲೋರ್ನ್‌ನ ದೊಡ್ಡ ಫ್ಲಾಸ್ಕಿಗೆ ಮೊದಲು ತುಂಬಿಸಿ, ಉಳಿದದ್ದನ್ನು ತಾನು ನಿಂತುಕೊಂಡೇ ಕುಡಿಯಬೇಕು. ಸಾಸೇಜ್ ಇಟ್ಟು ಬ್ರೆಡ್ಡಿನ ಐದು ಜೋಡಿ ಕಟ್ಟಬೇಕು, ಎರಡಕ್ಕೆ ಮಾತ್ರ ಸಾಸಿವೆ. ಬೀಟ್‌ರೂಟ್ ಹೆಚ್ಚಿ, ಎಲುಬಿನ ಜೊತೆ ಕರೆಂಟಿನ ಪಾತ್ರೆಗೆ ಹಾಕಿದರೆ ಸಂಜೆಯ ಬೋರ್ಷ್ಟ್ ಸಾರು ತನ್ನಷ್ಟಕ್ಕೆ ಬೇಯುತ್ತದೆ. ಕೆಲಸದ ನೀಲಿ ಅಂಗಿ ಇಸ್ತ್ರಿ ಮಾಡಬೇಕು. ಹೀಟರಿನ ಮೇಲೆ ಒಣಹಾಕಿದ ಲೋರ್ನ್‌ನ ಉಣ್ಣೆ ಕಾಲುಚೀಲಗಳನ್ನು ಮಗುಚಿ ಹಾಕಬೇಕು. ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಹಾಕಬೇಕು. ಕಾರಿನ ಗಾಜು ಕೆರೆಯಬೇಕು. ರಾತ್ರಿಯೆಲ್ಲ ಎಂಜಿನ್ನನ್ನು ಬೆಚ್ಚಗಿಟ್ಟ ವೈರನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತು, ಸುರುಳಿ ಸುತ್ತಿ, ಕಾರು ಚಾಲೂ ಮಾಡಿ ಕಾಲು ಗಂಟೆ ಬಿಡಬೇಕು. ಇಷ್ಟೂ ಆರು ಗಂಟೆಯೊಳಗೆ, ಕತ್ತಲಲ್ಲೇ.

ವೆರ್ನಾ ಹ್ಲಾಡಿ ಆ ಮಂಗಳವಾರ ಎಲ್ಲವನ್ನೂ ಮಾಡಿದ್ದಳು, ಕೊನೆಯದೊಂದನ್ನು ಬಿಟ್ಟು. ಕೀಲಿ ತಿರುಗಿಸಿದರೆ ಕಾರು ಟಕಟಕ ಎಂದು ಹಲ್ಲು ಕಡಿಯಿತು, ಅಷ್ಟೇ. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಂಕಾಗಿ ಮಿನುಗಿ ಸತ್ತವು. ಹೊರಗೆ ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗಿತ್ತು. ಯಾರ್ಕ್ಟನ್ ಊರಿನಲ್ಲಿ ಜನವರಿ ಎಂದರೆ ಹಾಗೆಯೇ, ಅದರ ಬಗ್ಗೆ ಯಾರೂ ದೂರುವುದಿಲ್ಲ. ದೂರುವುದು ಕಾರಿನ ಬಗ್ಗೆ.

ಒಳಗೆ ಬಂದು ಲೋರ್ನ್‌ನನ್ನು ಎಬ್ಬಿಸಿದಳು.

"ಏಳು ಮಾರಾಯ. ಮತ್ತೆ ಸ್ಟಾರ್ಟ್ ಆಗ್ತಿಲ್ಲ."

"ಲೈಟ್ ಆರಿಸದೆ ಬಿಟ್ಟಿರ್ತೀಯ."

"ಬಿಟ್ಟಿಲ್ಲ."

"ರಾತ್ರಿ ಪ್ಲಗ್ ಹಾಕಿದ್ಯಾ?"

"ದಿನಾ ಹಾಕೋದು ಯಾರು? ಪ್ಲಗ್ಗಿಂದ ಎಂಜಿನ್ ಬೆಚ್ಚಗಾಗುತ್ತೆ, ಬ್ಯಾಟರಿಗೆ ಜೀವ ಬರಲ್ಲ. ನೀನೇ ಹೇಳಿದ್ದಲ್ವಾ ಅದನ್ನ?"

ಲೋರ್ನ್ ರಸ್ತೆ ಹಾಕುವವನು. ನೆಲ ಹೆಪ್ಪುಗಟ್ಟಿದ ಮೇಲೆ ಐದು ತಿಂಗಳು ರಸ್ತೆ ಕೆಲಸವಿಲ್ಲ. ಆ ಐದು ತಿಂಗಳು ಮನೆ ನಡೆಯುವುದು ವೆರ್ನಾಳ ದುಡಿಮೆಯಲ್ಲಿ. ಮುದುಕರ ಮನೆಗಳಿಗೆ ಹೋಗಿ ಎಬ್ಬಿಸಿ, ತೊಳೆಸಿ, ಉಡಿಸಿ, ಉಣಿಸಿ ಬರುವ ಕೆಲಸ. ಬೆಳಿಗ್ಗೆ ಐದು ಮನೆ. ಈ ತಿಂಗಳು ಆಗಲೇ ಎರಡು ಸಲ ತಡವಾಗಿತ್ತು, ಎರಡೂ ಸಲ ಇದೇ ಕಾರಿನಿಂದ. ಮೂರನೆಯ ಸಲವಾದರೆ ಬೆಳಗಿನ ಮನೆಗಳನ್ನೆಲ್ಲ ಬೇರೆಯವಳಿಗೆ ಕೊಟ್ಟುಬಿಡುತ್ತೇನೆ ಎಂದು ಮೇಲ್ವಿಚಾರಕಿ ಹೇಳಿಯಾಗಿತ್ತು. ಅವು ಹೋದರೆ ವೆರ್ನಾಗೆ ಉಳಿಯುವುದು ವಾರಕ್ಕೆರಡು ಸಂಜೆ.

ಲೋರ್ನ್ ಒಳಚಡ್ಡಿಯ ಮೇಲೆ ದಪ್ಪ ಕೋಟು ಹಾಕಿಕೊಂಡು ಹೊರಬಂದ. ಅವನ ಟ್ರಕ್ಕು ಕೀಲಿಯ ಮೊದಲ ತಿರುವಿಗೇ ಗುಡುಗಿತು. ಕೆಂಪು ಕಪ್ಪು ಕೇಬಲ್ಲುಗಳನ್ನು ಸಿಕ್ಕಿಸಿ ಟ್ರಕ್ಕಿನಿಂದ ಕಾರಿಗೆ ಕರೆಂಟು ಕೊಡುವಾಗ ವೆರ್ನಾ ಟಾರ್ಚು ಹಿಡಿದು ನಿಂತಿದ್ದಳು. ಬ್ಯಾಟರಿಯ ಪಕ್ಕದಲ್ಲಿ ಒಂದು ಮರದ ತುಂಡು ತುರುಕಿತ್ತು. ಮೇಲೆ ರಬ್ಬರ್ ಹಗ್ಗದ ಬಿಗಿತ.

"ಇದ್ಯಾಕೆ ಕಟ್ಟಿಗೆ?"

"ಅಲ್ಲಾಡದೆ ಇರ್ಲಿ ಅಂತ. ಟಾರ್ಚ್ ಸರಿಯಾಗಿ ಹಿಡಿ."

"ಹೊಸ ಬ್ಯಾಟರಿ ತಂದುಬಿಡ್ಲಾ ಇವತ್ತು?"

"ಎರಡು ವರ್ಷದ ಹಿಂದೆ ತಾನೇ ಹೊಸದು ತಂದಿದ್ದು? ನೀನು ಹೋದ್ರೆ ಮುಖ ನೋಡಿ ಟೋಪಿ ಹಾಕ್ತಾರೆ. ಶನಿವಾರ ನಾನೇ ನೋಡ್ತೀನಿ." ಕಾರು ಕೆಮ್ಮಿ ಎದ್ದಿತು. "ನೋಡು, ಓಡ್ತು. ನನ್ನ ಫ್ಲಾಸ್ಕ್ ಎಲ್ಲಿಟ್ಟೆ?"

ಅವನಿಗೆ ಕೆರೆಗೆ ಹೊರಡುವ ಅವಸರ. ಮಂಜುಗಡ್ಡೆಗೆ ತೂತು ಕೊರೆದು, ಮರದ ಗೂಡಿನೊಳಗೆ ಕೂತು ಮೀನು ಹಿಡಿಯುವುದು ಅವನ ಚಳಿಗಾಲದ ಉದ್ಯೋಗ. ತಂದ ಮೀನು ಶುಚಿಮಾಡುವುದು ಯಾರ ಉದ್ಯೋಗ ಎಂದು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಮೊದಲ ಮನೆ ಆಲ್ವಿನ್‌ದು. ಎಂಬತ್ತೇಳರ ಮುದುಕ, ಇಡೀ ಆಯುಷ್ಯ ಗೋಧಿ ಬೆಳೆದವನು. ವೆರ್ನಾ ಆರೂವರೆಗೆ ಸರಿಯಾಗಿ ಅಲ್ಲಿದ್ದಳು. ಕಾರು ಆರಿಸಿದರೆ ಮತ್ತೆ ಏಳುವುದಿಲ್ಲವೆಂದು ಗೊತ್ತಿತ್ತು. ಎಂಜಿನ್ ಓಡುತ್ತಿರುವಂತೆಯೇ, ಕೀಲಿ ಅದರಲ್ಲೇ ಬಿಟ್ಟು, ಬೀಗ ಹಾಕದೆ ಒಳಗೆ ಹೋದಳು. ಆ ಚಳಿಯಲ್ಲಿ ಅರ್ಧ ಊರು ಹಾಗೆಯೇ ಮಾಡುತ್ತದೆ. ಆಲ್ವಿನ್‌ನ ಕಾಲಿಗೆ ಬಿಗಿ ಕಾಲುಚೀಲ ಏರಿಸಿದಳು, ಗಂಜಿ ಕಾಯಿಸಿ ಮುಂದಿಟ್ಟಳು, ಒದ್ದೆಯಾದ ಹಾಸಿಗೆಬಟ್ಟೆ ತೆಗೆದುಕೊಂಡು ನೆಲಮಾಳಿಗೆಯ ಯಂತ್ರಕ್ಕೆ ಹಾಕಿ ಬಂದಳು. ಬಂದು ನೋಡಿದರೆ ಆಲ್ವಿನ್‌ನ ಟೋಪಿಯ ಮೇಲೆ ಹಿಮದ ಪುಡಿ. ಗಂಜಿ ಬಟ್ಟಲಿನ ಪಕ್ಕದಲ್ಲಿ ಅವಳ ಕಾರಿನ ಕೀಲಿ.

"ಅಜ್ಜ, ಇದೇನಿದು?"

"ಮರೆತುಬಿಟ್ಟಿದ್ದೆ ಕಣಮ್ಮ ನೀನು. ಸುಮ್ಮನೆ ಪೆಟ್ರೋಲ್ ಉರೀತಿತ್ತು. ನಾನೇ ಹೋಗಿ ಆರಿಸಿ ಬಂದೆ." ಮುದುಕನ ಮುಖದಲ್ಲಿ ಹೆಮ್ಮೆ. ಊರುಗೋಲು ಹಿಡಿದು ಆರು ಮೆಟ್ಟಿಲು ಇಳಿದು ಹತ್ತಿದ್ದನಲ್ಲ.

ವೆರ್ನಾ ಕೀಲಿ ಎತ್ತಿಕೊಂಡಳು. "ಬಿದ್ದು ಸೊಂಟ ಮುರ್ಕೊಂಡಿದ್ರೆ ಏನ್ ಮಾಡ್ತಿದ್ರಿ?" ಎಂದಷ್ಟೇ ಕೇಳಿದಳು.

"ನೀನಿದ್ಯಲ್ಲ ಎತ್ತೋಕೆ."

ಹೊರಗೆ ಹೋಗಿ ಕೀಲಿ ತಿರುಗಿಸಿದಳು. ಟಕ್ ಎಂಬ ಸದ್ದೂ ಇಲ್ಲ. ಲೋರ್ನ್‌ಗೆ ಫೋನು ಮಾಡಿದರೆ ಎತ್ತಲಿಲ್ಲ. ಎರಡನೆಯ ಮನೆ ಪೌಲಿನ್ ಕೊಸ್ತ್ಯುಕ್‌ಳದು, ಒಂಬತ್ತು ಬೀದಿ ಆಚೆ, ಏಳೂಕಾಲಿಗೆ. ಆಗ ಏಳಕ್ಕೆ ಮೂರು ನಿಮಿಷವಿತ್ತು. ಪೌಲಿನ್ ತಾನಾಗಿ ಹಾಸಿಗೆಯಿಂದ ಏಳಲಾರಳು. ವೆರ್ನಾ ಮಫ್ಲರ್ ಮೂಗಿನವರೆಗೆ ಎಳೆದುಕೊಂಡು ನಡೆದಳು. ಮೂರನೆಯ ಬೀದಿಗೆ ರೆಪ್ಪೆಗಳು ಒಂದಕ್ಕೊಂದು ಅಂಟಿದವು. ಐದನೆಯದಕ್ಕೆ ಲೋರ್ನ್‌ನನ್ನು ಬೈದಳು, ಆರನೆಯದಕ್ಕೆ ಕಾರನ್ನು, ಏಳನೆಯದಕ್ಕೆ ಟಾರ್ಚು ಹಿಡಿದು ಸುಮ್ಮನೆ ನಿಂತ ತನ್ನನ್ನು. ತಲುಪಿದಾಗ ಏಳು ಇಪ್ಪತ್ತಾರು.

ಕೆಲಸಕ್ಕೆ ಬಂದೆವೆಂದು ಆಯಾ ಮನೆಯ ಫೋನಿನಿಂದಲೇ ಕಚೇರಿಯ ಯಂತ್ರಕ್ಕೆ ಕರೆಮಾಡಿ ತಮ್ಮ ಸಂಖ್ಯೆ ಒತ್ತಬೇಕು. ವೆರ್ನಾ ಗ್ಲೌಸು ಕಿತ್ತು, ಮರಗಟ್ಟಿದ ಬೆರಳಲ್ಲಿ ಪೌಲಿನ್‌ಳ ಮಂಚದ ಪಕ್ಕದ ಫೋನಿಗೆ ಕೈ ಹಾಕಿದಳು.

"ಇಡು ಅದನ್ನ," ಎಂದಳು ಪೌಲಿನ್, ಹೊದಿಕೆಯೊಳಗಿಂದ. "ಏಳೂಕಾಲಿಗೇ ಒತ್ತಿಯಾಯ್ತು."

"ಯಾರು?"

"ಇನ್ಯಾರು, ನನ್ನ ಬೆಕ್ಕು. ಎರಡು ವರ್ಷದಿಂದ ದಿನಾ ನನ್ನ ಕಣ್ಣ ಮುಂದೇನೇ ಗುಂಡಿ ಒತ್ತುತ್ತೀಯ. ನಿನ್ನ ನಂಬರು ನನಗೆ ಬಾಯಿಪಾಠ ಕಣೇ. ಕಾಲು ಬಿದ್ದಿದೆ, ಕಣ್ಣು ಬಿದ್ದಿಲ್ಲ."

ವೆರ್ನಾಗೆ ನಗುವೂ ಬಂತು, ಅಳುವೂ ಬಂತು. ಹೆಪ್ಪುಗಟ್ಟಿದ ಕೆನ್ನೆಯಲ್ಲಿ ಎರಡೂ ನೋವೇ.

"ನಾಳೆ ಹೀಗೆ ಮಾಡಬೇಡಿ ಅಮ್ಮ. ಗೊತ್ತಾದ್ರೆ ನನ್ನ ಕೆಲಸವೇ ಹೋಗುತ್ತೆ."

"ನಾಳೆ ಮಾಡಲ್ಲ. ನಾಳೆ ನೀನು ಸರಿಯಾದ ಹೊತ್ತಿಗೆ ಬಾ. ಬೇರೆ ಯಾವಳೋ ಬಂದು ನನ್ನನ್ನ ಆಲೂಗಡ್ಡೆ ಮೂಟೆ ಥರ ಎತ್ತಿಹಾಕೋದು ನನಗೆ ಬೇಡ. ಗಂಡ ಎಲ್ಲಿ?"

"ಕೆರೆ ಮೇಲೆ."

"ನನ್ನವನೂ ಕೆರೆ ಮೇಲೇ ಇರ್ತಿದ್ದ," ಎಂದಳು ಪೌಲಿನ್, ಎರಡೂ ಕೈ ವೆರ್ನಾಳ ಕುತ್ತಿಗೆಗೆ ಹಾಕುತ್ತ. "ಎತ್ತು, ನಿಧಾನ."

ಉಳಿದ ಮೂರು ಮನೆಗಳು ಅದೇ ಸುತ್ತಮುತ್ತ. ನಡೆದೇ, ಹೊತ್ತಿಗೆ ಸರಿಯಾಗಿ ಮುಗಿಸಿದಳು. ಹನ್ನೊಂದೂವರೆಗೆ ಆಲ್ವಿನ್ ಮನೆಯ ಮುಂದೆ ಮತ್ತೆ ಕಾರಿನ ಎದುರು ನಿಂತಾಗ, ಹೋಗಿಬರುವ ಯಾರನ್ನಾದರೂ ನಿಲ್ಲಿಸಿ ಕರೆಂಟು ಕೇಳಬಹುದಿತ್ತು. ಕೇಳಿದರೆ ಮನೆ ಸೇರಬಹುದು. ನಾಳೆ ಬೆಳಿಗ್ಗೆ ಮತ್ತೆ ಟಾರ್ಚು, ಮತ್ತೆ ಟಕಟಕ. ಬಾನೆಟ್ಟು ಎತ್ತಿ, ಆಲ್ವಿನ್‌ನ ಪಾನಾ ತಂದು, ರಬ್ಬರ್ ಹಗ್ಗ ಬಿಚ್ಚಿ, ಮರದ ತುಂಡು ಕಿತ್ತು, ನೆಟ್ಟು ಸಡಿಲಿಸಿ ಬ್ಯಾಟರಿಯನ್ನು ಹೊರಗೆಳೆದಳು. ಕೆಂಪು ವೈರು ಎಳೆದು ಎಳೆದು ಬುಡದಲ್ಲಿ ಬಿಳಿಚಿಕೊಂಡಿತ್ತು. ಬ್ಯಾಟರಿ ಪೌಲಿನ್‌ಗಿಂತ ಹಗುರವೇ, ಆದರೆ ಪೌಲಿನ್ ಕುತ್ತಿಗೆ ಹಿಡಿದುಕೊಳ್ಳುತ್ತಾಳೆ.

"ನನ್ನ ತಪ್ಪು," ಎಂದ ಆಲ್ವಿನ್ ಬಾಗಿಲಲ್ಲಿ ನಿಂತು. "ಸೌದೆ ಎಳೆಯೋ ಜಾರುಬಂಡಿ ಇದೆ ಹಿಂದೆ. ತಗೊಂಡು ಹೋಗು ಮಗಳೇ."

ಜಾರುಬಂಡಿಯ ಹಗ್ಗ ಹೆಗಲಿಗೆ ಹಾಕಿಕೊಂಡು ನಾಲ್ಕು ಬೀದಿ ಎಳೆದಳು. ಬಿಡಿಭಾಗದ ಅಂಗಡಿಯ ಗಲ್ಲೆಯಲ್ಲಿ ಡಾರ್ಸಿ ಎಂಬ ಹುಡುಗಿ, ಉಗುರಿನ ಸಂದಿಯಲ್ಲಿ ಎಣ್ಣೆ ಮಸಿ. ಬ್ಯಾಟರಿಯನ್ನು ಕಂಡವಳೇ ಕೈ ಹಿಂದೆಳೆದಳು.

"ಅಕ್ಕ, ಇದರ ಹೊಟ್ಟೆ ಉಬ್ಬಿದೆ ನೋಡಿ. ಒಳಗೆ ಹೆಪ್ಪುಗಟ್ಟಿದೆ. ಚಾರ್ಜಿಗೆ ಹಾಕೋದೂ ಅಪಾಯ. ಯಾವ ಟ್ರಕ್ಕಿಂದು?"

"ಟ್ರಕ್ಕಲ್ಲ. ನನ್ನ ಚಿಕ್ಕ ಕಾರಿಂದು."

ಡಾರ್ಸಿ ಬ್ಯಾಟರಿಯ ಮೇಲಿನ ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಇದು ಟ್ರಕ್ಕಿನ ಅಳತೆ. ತಯಾರಾಗಿ ಏಳು ವರ್ಷ ಆಯ್ತು. ಇದು ನಿಮ್ಮ ಕಾರಲ್ಲಿ ಕೂರೋದೇ ಇಲ್ಲ. ಯಾರೋ ತುರುಕಿದ್ದಾರೆ."

"ಎರಡು ವರ್ಷದ ಹಿಂದೆ ಹೊಸದು ಹಾಕಿಸಿದ್ದೆ. ಇಲ್ಲೇ ತಗೊಂಡಿದ್ದು. ಹ್ಲಾಡಿ ಅಂತ."

ಡಾರ್ಸಿ ಕಂಪ್ಯೂಟರಿನಲ್ಲಿ ಹುಡುಕಿದಳು. "ಹೌದು, ಲೋರ್ನ್ ಹ್ಲಾಡಿ. ಎರಡು ವರ್ಷದ ಹಿಂದೆ ಅಕ್ಟೋಬರ್. ತಗೊಂಡಿದ್ದು ಟ್ರಕ್ಕಿನ ಅಳತೇದು." ಆಮೇಲೆ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಮುಂಜಾನೆ ಮೊದಲ ತಿರುವಿಗೇ ಗುಡುಗಿದ ಟ್ರಕ್ಕಿನ ಸದ್ದು ವೆರ್ನಾಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಫೋನು ಮಾಡಿದಳು. ಈ ಸಲ ಎತ್ತಿದ.

"ಲೋರ್ನ್, ಎರಡು ವರ್ಷದ ಹಿಂದೆ ನನ್ನ ಕಾರಿಗೆ ಅಂತ ತಂದ ಬ್ಯಾಟರಿ ಎಲ್ಲಿದೆ?"

"ಹಲೋ? ಹಾಂ... ಟ್ರಕ್ಕಲ್ಲಿದೆ. ಯಾಕೆ?"

"ನನ್ನ ಕಾರಿಗೆ ತಂದಿದ್ದು."

"ಅಯ್ಯೋ, ಅದಕ್ಕೇನೀಗ? ನಾನು ಕೆರೆ ನಡುವೆ ನಿಂತಾಗ ಕೈಕೊಟ್ರೆ ಸತ್ತೇ ಹೋಗ್ತೀನಿ. ನಿಂದು ಊರೊಳಗೆ ಓಡಾಡೋ ಕಾರು ತಾನೇ? ಟ್ರಕ್ಕಿಂದು ಚೆನ್ನಾಗೇ ಇತ್ತು, ಅದನ್ನ ನಿನಗೆ ಹಾಕಿದೆ."

"ನಂಗೆ ಹೇಳ್ಲಿಲ್ಲ."

"ಬ್ಯಾಟರಿ ವಿಷಯ ಎಲ್ಲಾ ನಿಂಗೆ ಯಾಕೆ ತಲೆನೋವು ಅಂತ. ಎಲ್ಲಿದ್ದೀಯ ಈಗ, ಅಂಗಡೀಲಾ? ಸರಿ, ಹೋಗಿಯಾಗಿದೆ, ದೊಡ್ಡದೇ ತಗೋ. ಟ್ರಕ್ಕಿಗೂ ಆಗೋ ಹಾಗಿರ್ಲಿ. ಏ, ಮೀನು ಕಚ್ತಿದೆ, ಆಮೇಲೆ ಮಾತಾಡೋಣ."

ಡಾರ್ಸಿ ಏನನ್ನೂ ಕೇಳಿಸಿಕೊಳ್ಳದವಳಂತೆ ಎರಡು ಬ್ಯಾಟರಿಗಳನ್ನು ಗಲ್ಲೆಯ ಮೇಲೆ ತಂದಿಟ್ಟಳು. ಒಂದು ಹಿಂದಿನದರಷ್ಟೇ ದೊಡ್ಡದು, ಇನ್ನೊಂದು ಅದರ ಮುಕ್ಕಾಲು.

"ದೊಡ್ಡದಕ್ಕೆ ಚಳೀಲಿ ಎಬ್ಬಿಸೋ ಬಲ ಜಾಸ್ತಿ. ಅವರು ಹೇಳಿದ ಹಾಗೆ ಟ್ರಕ್ಕಿಗೂ ಆಗುತ್ತೆ. ನಿಮಗೆ ಮತ್ತೆ ಕಟ್ಟಿಗೆ ತುರುಕಬೇಕು."

"ನನ್ನ ಕಾರು ಏಳೋಕೆ ಚಿಕ್ಕದು ಸಾಕಾ?"

"ಬೇಕಾದಷ್ಟಾಯ್ತು. ಚಿಕ್ಕ ಎಂಜಿನ್ನಿಗೆ ಟ್ರಕ್ಕಿನ ಬಲ ಯಾಕೆ? ಆದ್ರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟು ದೂರ ಓಡಿಸ್ತೀರಿ?"

"ನಾಲ್ಕು ಬೀದಿ, ಹೆಚ್ಚಂದ್ರೆ ಒಂಬತ್ತು."

"ಅಷ್ಟರಲ್ಲಿ ಖರ್ಚಾದ ಕರೆಂಟು ವಾಪಸ್ ತುಂಬಲ್ಲ ಅಕ್ಕ. ಯಾವ ಬ್ಯಾಟರಿ ಆದ್ರೂ ಸಾಯುತ್ತೆ. ವಾರಕ್ಕೊಂದು ರಾತ್ರಿ ಚಾರ್ಜರ್ ಹಾಕಿಡಿ."

ಕೆಲಸದ ಪಟ್ಟಿಗೆ ಇನ್ನೊಂದು ಸೇರಿತು. ವೆರ್ನಾ ಚಿಕ್ಕ ಬ್ಯಾಟರಿಯನ್ನು ತನ್ನ ಕಡೆ ತಿರುಗಿಸಿದಳು. ಅದರ ತಲೆಯ ಮೇಲೆ ವೈರು ಸಿಕ್ಕಿಸುವ ಎರಡು ಮೊಳೆಗಳು ದೊಡ್ಡದಕ್ಕಿಂತ ಅದಲುಬದಲಾಗಿದ್ದವು. ಕೆಂಪು ಇರುವಲ್ಲಿ ಕಪ್ಪು.

"ಇದನ್ನ ಟ್ರಕ್ಕಿಗೆ ಹಾಕಿದ್ರೆ?"

"ಆಗಲ್ಲ. ವೈರು ಮುಟ್ಟೋದೇ ಇಲ್ಲ."

"ಕಟ್ಟಿಗೆ ಇಟ್ಟು, ಹಗ್ಗ ಬಿಗಿದು, ಎಳೆದ್ರೂ?"

ಡಾರ್ಸಿ ಈಗ ನೇರವಾಗಿ ಅವಳನ್ನು ನೋಡಿದಳು. "ಏನು ಮಾಡಿದ್ರೂ ಮುಟ್ಟಲ್ಲ ಅಕ್ಕ. ಇದು ನಿಮ್ಮದರ ಥರದ ಚಿಕ್ಕ ಕಾರಿಗೆ ಮಾತ್ರ."

ಇನ್ನಾರೋ ಗಿರಾಕಿ ಬಂದರೆಂದು ಡಾರ್ಸಿ ಆಚೆ ಹೋದಳು. ವೆರ್ನಾಳ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಲೋರ್ನ್‌ನ ಸಂದೇಶ: ಕೈಯಗಲದ ಮೀನಿನ ಚಿತ್ರ, ಕೆಳಗೆ 'ದೊಡ್ಡದೇ ತಗೋ'. ಅವಳು ಫೋನನ್ನು ಜೇಬಿಗೆ ಸೇರಿಸಿ ಕಪಾಟಿನ ಹತ್ತಿರ ಹೋದಳು. ಚಿಕ್ಕ ಬ್ಯಾಟರಿಗಳು ಕೆಳಗಿನ ಸಾಲಿನಲ್ಲಿದ್ದವು. ಮುಂದಿನದರ ಚೀಟಿಯಲ್ಲಿ ತಯಾರಾದ ತಿಂಗಳು ಓದಿದಳು: ಹೋದ ವರ್ಷದ ಏಪ್ರಿಲ್. ಅದನ್ನು ಸರಿಸಿದಳು. ಅದರ ಹಿಂದಿನದು ಜುಲೈ. ಮಂಡಿಯೂರಿ, ಕೈ ತೋಳಿನವರೆಗೆ ಒಳಗೆ ಚಾಚಿ, ಗೋಡೆಗೆ ತಾಗಿ ಕೂತಿದ್ದ ಕೊನೆಯದನ್ನು ಎಳೆದು ಬೆಳಕಿಗೆ ಹಿಡಿದಳು. ಡಿಸೆಂಬರ್, ಹೋದ ತಿಂಗಳದ್ದು.

ಅದನ್ನೆತ್ತಿ ಎದೆಗವಚಿಕೊಂಡು ಬಂದು, ಗಲ್ಲೆಯ ಮೇಲಿದ್ದ ದೊಡ್ಡದನ್ನು ಮೊಣಕೈಯಲ್ಲಿ ಆಚೆ ತಳ್ಳಿ, ಆ ಜಾಗದಲ್ಲಿ ಇಟ್ಟಳು.