ಲಿಡಿಯಾಳ ಸಹಿ

ನಿಕ್ಲಾಸ್ ಏಷ್ಲಿಮಾನ್ ಎಂದರೆ ನಮ್ಮ ಎಮ್ಮೆಂಟಾಲ್ ಕಣಿವೆಯಲ್ಲಿ ಹಸುವಿನ ಗಂಟೆಗೆ ಚರ್ಮದ ಪಟ್ಟಿ ಹೊಲಿಯುವವನು. ಹಸು ಸತ್ತರೂ ಅವನ ಹೊಲಿಗೆ ಬಿಚ್ಚುವುದಿಲ್ಲ. ಅವನ ಹಟವೂ ಅಂಥದ್ದೇ. ಮೂವತ್ತು ವರ್ಷದಿಂದ ಒಂದು ಪಕ್ಷವನ್ನು ಹೆಗಲ ಮೇಲೆ ಹೊತ್ತಿದ್ದ. ಬೈಬಲಿನಲ್ಲಿ ಇಲ್ಲದ್ದು ಕಾನೂನಿನಲ್ಲೂ ಬೇಡ ಎನ್ನುವ ಪಕ್ಷ. ಪ್ರಾಂತ್ಯದ ಸಭೆಯಲ್ಲಿ ಅದಕ್ಕಿದ್ದದ್ದು ಒಂದೇ ಕುರ್ಚಿ.

"ನಿಮ್ಮ ಪಕ್ಷದವರೆಲ್ಲ ಒಂದೇ ಕಾರಲ್ಲಿ ಬರ್ತೀರಂತೆ, ಆದ್ರೂ ಹಿಂದಿನ ಸೀಟು ಖಾಲಿ ಇರುತ್ತಂತೆ!" ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಈ ಸಲ ಆ ಒಂದು ಕುರ್ಚಿಗೂ ಕುತ್ತು ಬಂತು. ಚುನಾವಣೆಗೆ ನಿಲ್ಲಬೇಕಾದರೆ ಮೂವತ್ತು ಮತದಾರರ ಸಹಿ ಬೇಕು, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ. ನಿಕ್ಲಾಸ್ ಲೆಕ್ಕಕ್ಕೆ ಸರಿಯಾಗಿ ಮೂವತ್ತು ಕೊಟ್ಟಿದ್ದ. ಶನಿವಾರ ಸಂಜೆ ಚುನಾವಣಾ ಕಚೇರಿಯ ಗುಮಾಸ್ತ ತನ್ನ ಮನೆಯಿಂದಲೇ ಫೋನ್ ಮಾಡಿದ.

"ಏಷ್ಲಿಮಾನ್ ಅವರೇ, ಒಂಬತ್ತು ಸಹಿ ಬಿದ್ದುಹೋದವು. ಗಂಡ ಹೆಂಡತಿ ಇಬ್ಬರದೂ ಒಂದೇ ಕೈಬರಹ."

"ಹೌದಪ್ಪಾ, ಮನೆ ಯಜಮಾನ ಹಾಕ್ತಾನೆ. ಅದ್ರಲ್ಲಿ ತಪ್ಪೇನು?"

ಅವನಿಗೆ ನಿಜಕ್ಕೂ ತಪ್ಪು ಕಾಣಲಿಲ್ಲ, ನೋಡಿ! ನಮ್ಮ ಮನೆಗಳಲ್ಲಿ ಊಟದ ಪ್ರಾರ್ಥನೆ ಹೇಳುವವನೇ ಕಾಗದಕ್ಕೂ ಸಹಿ ಹಾಕುವುದು. ಹೆಂಗಸರಿಗೆ ಓಟು ಬಂದ ವರ್ಷದಿಂದ ಹೆಂಡತಿ ಲಿಡಿಯಾಳ ಓಟಿನ ಚೀಟಿಯನ್ನೂ ಅವನೇ ತುಂಬುತ್ತಿದ್ದ.

ಮರುದಿನ ಭಾನುವಾರ. ಪ್ರಾರ್ಥನಾಮಂದಿರದಲ್ಲಿ ಆ ಒಂಬತ್ತು ಹೆಂಗಸರೂ ಕಣ್ಣೆದುರೇ ಕೂತಿದ್ದರು, ಇವನ ಜೇಬಿನಲ್ಲಿ ಪೆನ್ನೂ ಇತ್ತು. ಆದರೆ ಕರ್ತನ ದಿನ ಪೆನ್ನು ಹಿಡಿಯುವುದೂ ಕೆಲಸವೇ. ಅಯ್ಯೋ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಅವನಿಗೆ ಬರೀ ಗಡಿಯಾರ ಕಾಣುತ್ತಿತ್ತು.

ಸೋಮವಾರ ಹಾಲು ಕರೆಯುವ ಹೊತ್ತಿಗೇ ಮೊಪೆಡ್ ಹತ್ತಿ ಗುಡ್ಡಗುಡ್ಡ ಅಲೆದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಂಟು ಸಹಿ ಹಾಕಿಸಿಕೊಂಡ. "ನನ್ನ ಹೆಸರು ನಾನೇ ಬರೆದು ಎಷ್ಟು ಕಾಲ ಆಯ್ತೋ!" ಎಂದು ಒಬ್ಬಾಕೆ ನಾಚಿದಳು. ಒಂಬತ್ತನೆಯದು ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಕೊನೆಗಿಟ್ಟುಕೊಂಡಿದ್ದ. ಮನೆಗೆ ಬಂದಾಗ ಹನ್ನೆರಡಕ್ಕೆ ಇನ್ನು ಹತ್ತೇ ನಿಮಿಷ. ಕಚೇರಿ ಎದುರು ಬೀದಿಯಲ್ಲೇ.

ಲಿಡಿಯಾ ಆಲೂಗಡ್ಡೆ ಹುರಿಯುತ್ತಿದ್ದಳು.

"ಬೇಗ ಬಾರೇ, ಇಲ್ಲೊಂದು ಸಹಿ ಹಾಕು."

ಅವಳು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಕೂತಳು.

"ಅದ್ರಲ್ಲಿ ಓದೋದೇನಿದೆ?"

"ನಾನು ಯಾವತ್ತೂ ಓದಿಲ್ವಲ್ಲ."

ಸಹಿ ಹಾಳೆಯ ಮೇಲ್ಭಾಗದಲ್ಲಿ ಪಕ್ಷದ ಬೇಡಿಕೆಗಳಿದ್ದವು; ಅವಳ ಬೆರಳು ಅದರಲ್ಲೊಂದು ಸಾಲಿನ ಮೇಲೆ ನಿಂತಿತು. ಮದುವೆಯಾಗದೆ ಹೆತ್ತವರಿಗೆ ಸರ್ಕಾರದ ನೆರವು ನಿಲ್ಲಿಸಬೇಕು. ಬರೆದವನು ನಿಕ್ಲಾಸನೇ. ಆರು ವರ್ಷದ ಹಿಂದೆ ಬಸುರಿ ಮಗಳ ಮುಖಕ್ಕೆ ಬಾಗಿಲು ಹಾಕಿಕೊಂಡವನೂ ಅವನೇ.

"ಇದು ನಮ್ಮ ಡೆಬೋರಾಗೆ ತಾನೇ?"

"ಅವಳೊಬ್ಬಳಿಗಲ್ಲ ಕಣೇ. ಇದು ಧರ್ಮದ ಮಾತು."

"ನಾನು ಹಾಕಲ್ಲ ರೀ."

ನಿಕ್ಲಾಸ್ ಗಡಿಯಾರ ನೋಡಿದ. ಬೀದಿಯಲ್ಲಿ ಇನ್ಯಾರು ಸಹಿ ಕೊಟ್ಟಾರು, ಎಲ್ಲರೂ ಆಡಿಕೊಳ್ಳುವವರೇ. ತಾನೇ ಹಾಕೋಣವೆಂದರೆ ಗುಮಾಸ್ತನಿಗೆ ಕೈಬರಹ ಗೊತ್ತು. ದೇವರ ಮುಂದಲ್ಲದೆ ಎಲ್ಲೂ ಮಂಡಿಯೂರದ ಆಸಾಮಿ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿದ.

"ಮೂವತ್ತು ವರ್ಷ ಕಣೇ ಲಿಡಿಯಾ. ನಿನ್ನ ದಮ್ಮಯ್ಯ ಅಂತೀನಿ. ಎಲ್ಲಾ ಮಣ್ಣುಪಾಲಾಗುತ್ತೆ."

"ಮೊದಲೇ ಯಾವತ್ತಾದ್ರೂ ಕೇಳಿದ್ದಿದ್ರೆ ಕಣ್ಣು ಮುಚ್ಕೊಂಡು ಹಾಕ್ತಿದ್ದೆ. ನೀವು ಕೇಳಿದ್ದೇ ಇವತ್ತು."

ಅವಳು ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಕಾಗದ ತೆಗೆದಳು. ಬರೆದು ಎಷ್ಟು ದಿನವಾಗಿತ್ತೋ, ಮಡಿಕೆಯಲ್ಲಿ ಹಳದಿಗಟ್ಟಿತ್ತು. ಅವನ ಕೈಯಿಂದಲೇ ಪೆನ್ನು ಬಿಡಿಸಿಕೊಂಡಳು. "ಮಗೂನ ಕರ್ಕೊಂಡು ಬಾ ಡೆಬೋರಾ, ಬಾಗಿಲು ನಾನು ತೆಗೀತೀನಿ" ಎಂಬ ಸಾಲಿನ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದಳು. ಇಷ್ಟು ವರ್ಷ ಸಂಸಾರ ಮಾಡಿ, ಅವಳ ಸಹಿ ಹೇಗಿರುತ್ತದೆ ಎಂದು ನಿಕ್ಲಾಸ್ ನೋಡಿದ್ದು ಅದೇ ಮೊದಲು.

ಚರ್ಚಿನ ಗಂಟೆ ಹನ್ನೆರಡು ಹೊಡೆಯತೊಡಗಿತು.

"ಇದನ್ನ ಅಂಚೆಗೆ ಹಾಕಿ ಬರ್ತೀನಿ," ಎಂದು ಲಿಡಿಯಾ ಕೋಟು ತೊಟ್ಟಳು. "ಆಲೂಗಡ್ಡೆ ಸೀದುಹೋಗದ ಹಾಗೆ ನೋಡ್ಕೊಳ್ಳಿ."