ಅಡ್ಜಸ್ಟ್ ಮಾಡುವ ಮೊದಲು

ಪದ್ಮಾವತಿ ಬಾಗಲಕೋಟೆಯಿಂದ ಗುಜರಾತಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಬರುವಾಗ ಆಕೆಗೆ ಗುಜರಾತಿ ಒಂದಕ್ಷರ ಗೊತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಆದರೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದಾಗ ಕಿವಿಗೆ ಬಿದ್ದ ಒಂದು ಮಾತು ಅಹಮದಾಬಾದಿನ ಮಣಿನಗರದಲ್ಲಿ ಇಳಿಯುವವರೆಗೂ ಆಕೆಯ ಬೆನ್ನು ಬಿಡಲಿಲ್ಲ. ಮೂವರು ಕೂರುವ ಸೀಟಿಗೆ ಐದನೆಯವಳಾಗಿ ಬಂದ ಹೆಂಗಸು, "ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ" ಅಂದಳು. ಪುಣೆಯಲ್ಲಿ ಹತ್ತಿದವರು ಅದನ್ನೇ ಮರಾಠಿಯಲ್ಲಿ ಹೇಳಿದರು, ಸೂರತ್ತಿನಲ್ಲಿ ಹತ್ತಿದವರು ಗುಜರಾತಿಯಲ್ಲಿ. ಹಿಂದು ಮುಂದಿನ ಮಾತುಗಳೆಲ್ಲ ಬದಲಾದವು, ಅಡ್ಜಸ್ಟ್ ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ಗಂಡ ಭೀಮಸೇನನಿಗೆ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ಮಣಿನಗರದ ಕ್ವಾರ್ಟರ್ಸು ಎರಡೇ ಕೋಣೆಯದು. ಜೊತೆಗೆ ಬಂದಿದ್ದ ಅತ್ತೆ ರತ್ನಮ್ಮ ಮೊದಲ ದಿನವೇ, "ಹೊಸಾ ಊರು, ಅಡ್ಜಸ್ಟ್ ಮಾಡ್ಕೊಂಡು ಹೋಗಬೇಕವಾ" ಎಂದು ಒಳಗಿನ ಕೋಣೆಯನ್ನು ತಾವು ಇಟ್ಟುಕೊಂಡರು. ಪಕ್ಕದ ಮನೆಯವಳು ಬೆಲ್ಲ ಹಾಕಿದ ದಾಲ್ ತಂದುಕೊಟ್ಟು ನಾಲಿಗೆ ಅಡ್ಜಸ್ಟ್ ಆಗುತ್ತದೆ ಅಂದಳು. ಟೇಲರ್ ಬಿಗಿಯಾದ ರವಿಕೆಗೆ ಅಡ್ಜಸ್ಟ್ ಅಂದ, ಕಣ್ಣಿನ ಡಾಕ್ಟರು ಹೊಸ ಕನ್ನಡಕಕ್ಕೆ ಅಡ್ಜಸ್ಟ್ ಅಂದರು, ಶಾಲೆಯ ಗುಮಾಸ್ತ ಮಗಳ ಅಡ್ಮಿಶನ್ ವಿಷಯದಲ್ಲಿ ಅದೇ ಪದವನ್ನು ದನಿ ತಗ್ಗಿಸಿ ಅಂದ. ಇಂಗ್ಲಿಷಿನವರು ಅದನ್ನು ಯಾವುದೋ ತಿರುಪಿಗೋ ಗಡಿಯಾರಕ್ಕೋ ಎಂದು ಮಾಡಿಕೊಂಡಿದ್ದಿರಬೇಕು. ನಮ್ಮವರು ಅದನ್ನು ತೊಳೆದು ಒರೆಸಿ ಸೊಸೆಯಂದಿರಿಗೆಂದು ಎತ್ತಿಟ್ಟರು.

ಮಗಳು ಅದಿತಿ ಆರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಕೇಳಿದ್ದಳು. "ಅಮ್ಮಾ, ಅಡ್ಜಸ್ಟ್‌ದು ಕನ್ನಡ ಏನು? ಟೀಚರ್ ಮದರ್ ಟಂಗ್‌ನಲ್ಲಿ ಬರಿ ಅಂತ ಬೋಲಿದ್ರು."

"ಎಲ್ಲೀ ಅಡ್ಜಸ್ಟ್ ಅನ್ನೋದರ ಮ್ಯಾಲೆ ಅದ," ಅಂದಳು ಪದ್ಮಾವತಿ. "ಸೀಟಿಂದಾದ್ರ ಸರ್ಕೊಂಡು ಕೂಡೋದು. ಸ್ಕ್ರೂದಾದ್ರ ಬಿಗಿ ಮಾಡೋದು. ಕಣ್ಣಿಂದಾದ್ರ ರೂಢಿ ಆಗೋದು."

"ಮನೆದು?"

"ಮನೀದಾದ್ರ ಬಾಯಿ ಮುಚ್ಕೊಂಡಿರೋದು."

ಅದಿತಿ ನಾಲ್ಕನ್ನೂ ಬರೆದುಕೊಂಡು ಹೋದಳು. ಟೀಚರಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಪೂರ್ತಿ ಮಾರ್ಕ್ಸ್ ಬಂತು.

ಎಂಟು ವರ್ಷದ ಹಿಂದೆ ಭೀಮಸೇನನಿಗೆ ವಡೋದರಕ್ಕೆ ವರ್ಗವಾಯಿತು. ಪದ್ಮಾವತಿಯ ಟ್ರಂಕಿನ ತಳದಲ್ಲಿ ಹುಬ್ಬಳ್ಳಿಯ ಪಾಲಿಟೆಕ್ನಿಕ್‌ನಲ್ಲಿ ಮಾಡಿದ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಹಳದಿಗಟ್ಟುತ್ತಿತ್ತು. ಅದನ್ನು ಹೊರತೆಗೆದು ಯಾರನ್ನೂ ಕೇಳದೆ ಮಕರಪುರದ ಕಾರ್ಖಾನೆ ಸಾಲಿನಲ್ಲಿ ಬಾಗಿಲು ಬಾಗಿಲು ಅಲೆದಳು. ಆರನೆಯ ಬಾಗಿಲು ಕೀರ್ತಿಭಾಯಿಯದು. ಆತನದು ಚಿಕ್ಕ ಲ್ಯಾಬು. ಕಾರ್ಖಾನೆಗಳಿಂದ ಪ್ರೆಶರ್ ಗೇಜು, ಥರ್ಮಾಮೀಟರು ಬರುತ್ತವೆ. ಅವು ನಿಜ ತೋರಿಸುತ್ತವೆಯೋ ಸುಳ್ಳೋ ಎಂದು ಪರೀಕ್ಷಿಸಿ, ತಪ್ಪಿದ್ದರೆ ಸರಿಮಾಡಿ, ಸರ್ಟಿಫಿಕೇಟ್ ಕೊಟ್ಟು ಕಳಿಸಬೇಕು.

ಆ ಕೋಣೆಯಲ್ಲಿ ಮಾತ್ರ ಅಡ್ಜಸ್ಟ್ ಎಂಬ ಪದಕ್ಕೆ ಒಂದು ಮರ್ಯಾದೆ ಇತ್ತು, ಅದಕ್ಕೊಂದು ಕಟ್ಟಳೆ ಇತ್ತು. ಗೇಜು ಬಂದ ಕೂಡಲೇ ಅದರ ಮುಳ್ಳನ್ನು ಮುಟ್ಟುವಂತಿಲ್ಲ. ಬಂದ ಸ್ಥಿತಿಯಲ್ಲೇ ಪರೀಕ್ಷೆಗೆ ಹಾಕಿ, ಎಷ್ಟು ತೋರಿಸುತ್ತದೋ ಅಷ್ಟನ್ನು ಮೊದಲ ಕಾಲಮ್ಮಿನಲ್ಲಿ ಬರೆಯಬೇಕು. ಆಮೇಲೆ ಅಡ್ಜಸ್ಟ್. ಆಮೇಲೆ ಎರಡನೆಯ ಕಾಲಂ. ಸರಿಮಾಡಿದ ಗೇಜು ನಾಳೆಯಿಂದ ನಿಜ ಹೇಳುತ್ತದೆ, ಆದರೆ ನಿನ್ನೆಯವರೆಗೆ ಎಷ್ಟು ಸುಳ್ಳು ಹೇಳಿತ್ತು ಎಂಬುದು ಆ ಮೊದಲ ರೀಡಿಂಗಿನಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಪದ್ಮಾವತಿಗೆ ಈ ಕಟ್ಟಳೆ ಬಹಳ ಹಿಡಿಸಿತ್ತು. ಏನು ಕೆಟ್ಟಿತ್ತು ಎಂದು ಮೊದಲು ಬರೆದಿಟ್ಟುಕೊಂಡು ಆಮೇಲೆ ಸರಿಮಾಡುವ ಪದ್ಧತಿಯನ್ನು ಅವಳು ಬೇರೆ ಎಲ್ಲೂ ಕಂಡಿರಲಿಲ್ಲ. ಎರಡು ವರ್ಷದಿಂದ ಸರ್ಟಿಫಿಕೇಟಿಗೆ ಸಹಿಯೂ ಅವಳದೇ.

ಹೋದ ಜನವರಿಯ ಒಂದು ಶುಕ್ರವಾರ ಸೂರತ್ತಿನ ಬಟ್ಟೆ ಬಣ್ಣ ಹಾಕುವ ಮಿಲ್ಲೊಂದರಿಂದ ಬಾಯ್ಲರಿನ ಪ್ರೆಶರ್ ಗೇಜು ಬಂತು. ವಾರದ ರಜೆಗೆ ಬಾಯ್ಲರು ಆರಿಸಿದ್ದಾರೆ, ಮರುದಿನ ಮಧ್ಯಾಹ್ನದೊಳಗೆ ಗೇಜು ವಾಪಸ್ ಬೇಕು ಎಂದು ಚೀಟಿ. ಪದ್ಮಾವತಿ ಅದನ್ನು ಪರೀಕ್ಷೆಯ ಯಂತ್ರಕ್ಕೆ ಕೂರಿಸಿ, ಹತ್ತು ಕೆ.ಜಿ. ಒತ್ತಡಕ್ಕೆ ಬೇಕಾದ ತೂಕದ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟಳು. ಅಷ್ಟರಲ್ಲಿ ಭೀಮಸೇನನ ಫೋನು ಬಂತು.

"ನಮ್ಮ ಕಾಕಾನ ಮಂದಿ ದ್ವಾರಕಾಕ್ಕ ಹೊಂಟಾರ. ಆರು ಜನ. ನಾಳೆ ಸಂಜೀಗೆ ಬರ್ತಾರ, ಮೂರು ದಿನ ಇರ್ತಾರ."

"ಅದಿತಿದು ಪರೀಕ್ಷೆ ನಡದದಲ್ರಿ."

"ಮೂರ ದಿನ ಅಲ್ಲೇನು? ಅಡ್ಜಸ್ಟ್ ಮಾಡ್ಕೊಳ್ಳೋಣಂತ."

"ಆತು ಬಿಡ್ರಿ," ಅಂದಳು ಪದ್ಮಾವತಿ. ಫೋನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಕೊಂಡಿತ್ತು. ಯಾರನ್ನು ಎಲ್ಲಿ ಮಲಗಿಸುವುದು, ಅದಿತಿಯನ್ನು ಓದಲು ಯಾರ ಮನೆಗೆ ಕಳಿಸುವುದು ಎಂದು ತಲೆ ಓಡುತ್ತಿತ್ತು. ಕೈಗಳಿಗೆ ಬೇರೆ ಕೆಲಸವಿರಲಿಲ್ಲ, ತಮಗೆ ಗೊತ್ತಿದ್ದನ್ನು ತಾವು ಮಾಡಿದವು. ಫೋನು ಕೆಳಗಿಟ್ಟು ನೋಡಿದರೆ ಮುಳ್ಳು ಕಿತ್ತು, ಹತ್ತರ ಗೆರೆಯ ಮೇಲೆ ನೆಟ್ಟಗೆ ಕೂರಿಸಿ ಆಗಿತ್ತು. ಮೊದಲ ಕಾಲಂ ಖಾಲಿ ಇತ್ತು.

ಒಮ್ಮೆ ಕಿತ್ತ ಮುಳ್ಳನ್ನು ಇದ್ದ ಜಾಗದಲ್ಲೇ ಮತ್ತೆ ಕೂರಿಸಲು ಬ್ರಹ್ಮನಿಂದಲೂ ಆಗದು. ಹತ್ತಕ್ಕಿಂತ ಕೆಳಗೆ ಇದ್ದದ್ದಂತೂ ನೆನಪಿತ್ತು. ಎಷ್ಟು ಕೆಳಗೆ? ಎಂಟೂವರೆಯೋ, ಒಂಬತ್ತೋ? ಕಣ್ಣಂಚಿನಲ್ಲಿ ಕಂಡದ್ದು ರೀಡಿಂಗ್ ಅಲ್ಲ. ಹೊಸಬರಿಗೆಲ್ಲ ಈ ಪಾಠವನ್ನು ಗದರಿಸಿ ಗದರಿಸಿ ಕಲಿಸಿದವಳು ತಾನೇ ಎಂಬುದು ನೆನಪಾಗಿ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ನಿಷ್ಕರ್ಷೆ ಮಾಡುತ್ತ ಕೂರುವ ಹೊತ್ತಲ್ಲ ಅದು. ನೇರ ಹೋಗಿ ಕೀರ್ತಿಭಾಯಿಗೆ ಹೇಳಿದಳು.

ಕೀರ್ತಿಭಾಯಿ ಕೆಟ್ಟ ಮನುಷ್ಯನಲ್ಲ. ಕೆಲಸದವರಿಗೆ ಚಹಾ ಬರುವವರೆಗೆ ತಾನೂ ಕುಡಿಯುವವನಲ್ಲ. "ಪದ್ಮಾಬೇನ್, ಇಷ್ಟಕ್ಕೆ ಮುಖ ಯಾಕೆ ಸಣ್ಣದು ಮಾಡಿಕೊಂಡಿರಿ?" ಎಂದು ಹಿಂದಿ ಗುಜರಾತಿ ಬೆರೆಸಿ ಸಮಾಧಾನ ಮಾಡಿದ. "ಒಂಬತ್ತು ಮುಕ್ಕಾಲು ಅಂತ ಬರೆದುಬಿಡಿ, ಮಿತಿಯೊಳಗೇ ಇರುತ್ತದೆ. ಗೇಜು ಈಗ ಸರಿ ಇದೆಯಲ್ಲ?"

"ನಾನು ನೋಡಿದ್ದು ಒಂಬತ್ತು ಮುಕ್ಕಾಲಲ್ಲ, ಭಾಯಿ. ಅದಕ್ಕಿಂತ ಕಡಿಮೆ. ಈ ಗೇಜು ಕಡಿಮೆ ತೋರಿಸುತ್ತಿತ್ತು ಅಂದರೆ ಬಾಯ್ಲರಿನೊಳಗೆ ಒತ್ತಡ ಜಾಸ್ತಿ ಇತ್ತು. ಎಷ್ಟು ದಿನದಿಂದ ಇತ್ತೋ."

"ತಪ್ಪು ಮಾಡಿದ್ದೇವೆ ಅಂತ ನಾವೇ ಬರೆದುಕೊಟ್ಟರೆ ಆ ಮಿಲ್ಲಿನವರು ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಆಡಿಟ್‌ನವರು ನಿಮ್ಮ ಸಹಿ ಮಾಡುವ ಅಧಿಕಾರಕ್ಕೇ ಕೈ ಹಾಕುತ್ತಾರೆ. ಆರು ವರ್ಷ ಕಾದು ಪಡೆದದ್ದು."

"ಹಾಕಲಿ. ಆ ಬಾಯ್ಲರಿನ ಮುಂದೆ ನಿಲ್ಲುವವರು ನಾನಲ್ಲ, ನೀವಲ್ಲ."

ಕೀರ್ತಿಭಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಹಾಗಿದ್ದರೆ ನಾನು ಕೊರಿಯರ್‌ನಲ್ಲಿ ಕಳಿಸುವುದಿಲ್ಲ. ನೀವೇ ಒಯ್ಯಿರಿ, ನೀವೇ ಹೇಳಿ," ಅಂದ. ಹೆದರಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದನೋ ಏನೋ. ಪದ್ಮಾವತಿ ಗೇಜನ್ನು ಹತ್ತಿಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು.

ಮನೆಯಲ್ಲಿ ಭೀಮಸೇನ ಹಾಸಿಗೆಗಳನ್ನು ಅಟ್ಟದಿಂದ ಇಳಿಸುತ್ತಿದ್ದ. ಎಲ್ಲ ಕೇಳಿ, "ಒಂದು ಅಂಕಿ ಸಲುವಾಗಿ ಸೂರತ್‌ತನಕ ಹೋಗ್ತೀ?" ಅಂದ.

"ಹೋಗ್ತೀನ್ರಿ. ಆ ಅಂಕಿ ಯಾಕ ತಪ್ಪಿತು ಅನ್ನೋದೂ ಹೇಳ್ತೀನಿ ಕೇಳ್ರಿ. ನಿಮಗ ಫೋನಿನ್ಯಾಗ ಆತು ಬಿಡ್ರಿ ಅನ್ನೋವಾಗ ತಪ್ಪಿತು. ನಾ ಹಂಗ ಅನ್ನಬಾರದಿತ್ತು. ಅದಿತಿ ಪರೀಕ್ಷೆ ಮುಗಿಯೋತನಕ ನಮ್ಮ ಮನ್ಯಾಗ ಆರು ಮಂದಿಗೆ ಜಾಗ ಇಲ್ಲ. ಕಾಕಾಗ ಒಂದು ಧರ್ಮಶಾಲಾ ನೋಡಿಕೊಡ್ರಿ, ಊಟಕ್ಕ ಇಲ್ಲಿಗೇ ಬರಲಿ."

ಹತ್ತೊಂಬತ್ತು ವರ್ಷದಲ್ಲಿ ಇಂಥ ಮಾತು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಭೀಮಸೇನ ಹೆಂಡತಿಯ ಮುಖ ನೋಡಿದ. ಅಲ್ಲಿ ಜಗಳವೇನೂ ಕಾಣಲಿಲ್ಲ, ಹಾಗಾಗಿ ವಾದ ಹೂಡಲು ಅವನಿಗೆ ಎಳೆಯೇ ಸಿಗಲಿಲ್ಲ. ಕೈಯಲ್ಲಿದ್ದ ಹಾಸಿಗೆಯನ್ನು ಮತ್ತೆ ಅಟ್ಟಕ್ಕೇರಿಸಿ ಫೋನು ಹುಡುಕಿದ.

ಶನಿವಾರ ಬೆಳಗಿನ ರೈಲಿಗೆ ಪದ್ಮಾವತಿ ಸೂರತ್ತಿಗೆ ಹೋದಳು. ಮಿಲ್ಲಿನ ಮ್ಯಾನೇಜರು ಚಹಾ ತರಿಸಿ, ಅವಳು ಹೇಳಿದ್ದನ್ನು ಕೇಳಿ ನಕ್ಕ. "ಇದನ್ನು ಹೇಳಲು ಟಿಕೆಟ್ ತೆಗೆಸಿ ಬಂದಿರಾ, ಬೇನ್?"

"ಬಾಯ್ಲರ್ ನೋಡಿಕೊಳ್ಳುವವರನ್ನು ಕರೆಸಿ. ಅವರಿಗೆ ಒಂದು ಮಾತು ಕೇಳಬೇಕು."

ಬಂದವನು ದಿಬಾಕರ, ಒಡಿಶಾದ ಗಂಜಾಮ್ ಕಡೆಯವನು. ಐವತ್ತರ ಆಸುಪಾಸು, ಹುಬ್ಬೆಲ್ಲ ಬೆಂಕಿಗೆ ಕಂದಿದ್ದವು. ಬಾಯ್ಲರಿಗೆ ಕಟ್ಟಿಗೆ ಜೋಡಿಸಿಟ್ಟು, ಗೇಜು ಬಂದರೆ ಹಚ್ಚಲು ಕಾಯುತ್ತಿದ್ದ. ಒತ್ತಡ ಮಿತಿ ಮುಟ್ಟಿದರೆ ಸೇಫ್ಟಿ ವಾಲ್ವ್ ತಾನಾಗಿ ಉಗಿ ಹೊರಬಿಡುತ್ತದೆ, ಆಗ ಗೇಜು ಎಷ್ಟು ತೋರಿಸುತ್ತಿತ್ತೆಂದು ಗೊತ್ತಾದರೆ ಕಳೆದ ರೀಡಿಂಗಿನ ಸುಳಿವು ಸಿಕ್ಕೀತು ಎಂದು ಪದ್ಮಾವತಿ ಹಿಂದಿಯಲ್ಲಿ ಕೇಳಿದಳು. "ಭಾಯಿ, ಸೇಫ್ಟಿ ವಾಲ್ವ್ ಎಷ್ಟಕ್ಕೆ ಉಗಿ ಬಿಡುತ್ತಿತ್ತು?"

"ಹತ್ತಕ್ಕೆ ಬಿಡಬೇಕು, ಬೇನ್. ದೀಪಾವಳಿ ಆದಮೇಲೆ ಅದಕ್ಕೇನಾಯಿತೋ, ಗೇಜಿನಲ್ಲಿ ಎಂಟೂವರೆ ಆಗುತ್ತಿದ್ದ ಹಾಗೆ ಬಿಡಲು ಶುರುಮಾಡಿತು. ವಾಲ್ವ್ ಕೆಟ್ಟಿದೆ ಅಂತ ಅಡ್ಜಸ್ಟ್ ಮಾಡಿದೆವು."

"ಹೇಗೆ?"

ದಿಬಾಕರ ಕೈಯಲ್ಲಿ ಸ್ಪ್ಯಾನರ್ ಹಿಡಿದವನಂತೆ ತಿರುಗಿಸಿ ತೋರಿಸಿದ. "ಸ್ಪ್ರಿಂಗ್ ಬಿಗಿ ಮಾಡಿದೆವು. ಆಮೇಲೆ ಗೇಜಿನಲ್ಲಿ ಹತ್ತಕ್ಕೆ ಸರಿಯಾಗಿ ಬಿಡುತ್ತಿತ್ತು."

ಪದ್ಮಾವತಿಗೆ ಈಗ ಲೆಕ್ಕ ಕೂಡಿತು. ವಾಲ್ವ್ ಕೆಟ್ಟಿರಲೇ ಇಲ್ಲ. ಅದು ಹತ್ತಕ್ಕೇ ಬಿಡುತ್ತಿತ್ತು. ಸುಳ್ಳು ಹೇಳುತ್ತಿದ್ದದ್ದು ಗೇಜು. ಸುಳ್ಳನ್ನು ನಂಬಿ ಇವರು ನಿಜ ಹೇಳುವುದರ ಕತ್ತು ಬಿಗಿದಿದ್ದರು. ಆಮೇಲೆ ಗೇಜು ಹತ್ತು ಎಂದಾಗಲೆಲ್ಲ ಬಾಯ್ಲರಿನೊಳಗೆ ಹನ್ನೊಂದೂವರೆ, ಹನ್ನೆರಡು. ಈಗ ಗೇಜು ಸರಿಯಾಗಿದೆ, ವಾಲ್ವ್ ಮಾತ್ರ ಬಿಗಿದ ಹಾಗೆಯೇ ಇದೆ. ಒಂಬತ್ತು ಮುಕ್ಕಾಲು ಎಂದು ಬರೆದು ಕಳಿಸಿದ್ದರೆ ಗೇಜು ಮೊದಲೂ ಸರಿ, ಈಗಲೂ ಸರಿ ಎಂದುಕೊಂಡು, ವಾಲ್ವಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಅವಳು ಇದನ್ನು ನಿಧಾನವಾಗಿ, ಎರಡು ಸಲ, ಇಬ್ಬರಿಗೂ ಅರ್ಥವಾಗುವಂತೆ ಹೇಳಿದಳು.

ದಿಬಾಕರ ತಿರುಗಿ ಬಾಯ್ಲರ್ ಇದ್ದ ಕಡೆ ನೋಡಿದ. ಆಮೇಲೆ, "ಚಳಿಗಾಲ ಅಂತ ನಾವು ಒಂಬತ್ತು ಜನ ಅದಕ್ಕೇ ಬೆನ್ನು ಕೊಟ್ಟು ಕೂತು ಊಟ ಮಾಡುತ್ತೇವೆ," ಅಂದ.

ಮ್ಯಾನೇಜರಿನ ನಗು ಯಾವಾಗಲೋ ಹೋಗಿತ್ತು. "ಆದದ್ದು ಆಯಿತು, ಬೇನ್. ವಾಲ್ವ್ ಈಗಲೇ ಸಡಿಲ ಮಾಡಿಸುತ್ತೇನೆ. ಇದನ್ನೆಲ್ಲ ಕಾಗದಕ್ಕೆ ಇಳಿಸಬೇಡಿ. ಸರಕಾರದ ಇನ್ಸ್‌ಪೆಕ್ಟರ್‌ಗೆ ಗೊತ್ತಾದರೆ ಬಾಯ್ಲರ್ ಬಿಚ್ಚಿ ನೋಡುತ್ತೇನೆ ಅನ್ನುತ್ತಾನೆ, ವಾರ ಮಿಲ್ಲು ನಿಲ್ಲುತ್ತದೆ."

"ಬಿಚ್ಚಿ ನೋಡಲೇಬೇಕು. ಎರಡು ತಿಂಗಳು ಅದು ತಾಳಬೇಕಾದ್ದಕ್ಕಿಂತ ಹೆಚ್ಚು ತಾಳಿದೆ. ಎಲ್ಲಿ ಬಿರುಕು ಬಿಟ್ಟಿದೆಯೋ ಹೊರಗಿನಿಂದ ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ."

ಅವನ ಟೇಬಲ್ಲಿನ ಮೇಲೆಯೇ ಸರ್ಟಿಫಿಕೇಟ್ ಹರಡಿಕೊಂಡು ಬರೆದಳು. ಮೊದಲ ಕಾಲಂ: ರೀಡಿಂಗ್ ತೆಗೆದುಕೊಂಡಿಲ್ಲ, ಲ್ಯಾಬಿನ ತಪ್ಪು. ಕೆಳಗೆ ದಿಬಾಕರ ಹೇಳಿದ್ದು, ವಾಲ್ವಿನ ಸಂಗತಿ, ತಪಾಸಣೆಯಾಗದೆ ಬಾಯ್ಲರು ಹಚ್ಚಬಾರದೆಂಬ ಮಾತು. ತನ್ನ ತಪ್ಪನ್ನು ತನ್ನ ಕೈಯಲ್ಲೇ ಬರೆಯುವಾಗ ಅಕ್ಷರ ಒಂದೆರಡು ಕಡೆ ಸೊಟ್ಟಗಾದವು. ಸಹಿ ಮಾತ್ರ ನೆಟ್ಟಗೆ ಬಂತು. ಅದು ತಾನು ಹಾಕುವ ಕೊನೆಯ ಸಹಿಯಾಗಬಹುದು ಎಂದು ಅವಳಿಗೆ ಗೊತ್ತಿತ್ತು, ಬೇಸರವೂ ಆಯಿತು. ಒಂದು ಪ್ರತಿ ಇನ್ಸ್‌ಪೆಕ್ಟರರ ಕಚೇರಿಗೆ ತಾನೇ ಒಯ್ದು ಕೊಡುವುದಾಗಿ ಹೇಳಿ ಎದ್ದಳು.

"ನಿಮ್ಮ ಲ್ಯಾಬಿಗೆ ಇನ್ನು ನಮ್ಮ ಒಂದು ಗೇಜೂ ಬರುವುದಿಲ್ಲ," ಅಂದ ಮ್ಯಾನೇಜರು.

"ಅದು ನಿಮಗೆ ಬಿಟ್ಟದ್ದು," ಅಂದಳು.

ಬಾಗಿಲ ಹತ್ತಿರ ನಿಂತಿದ್ದ ದಿಬಾಕರ ಕೈ ಚಾಚಿದ. "ಬೇನ್, ನನಗೂ ಒಂದು ಕಾಪಿ ಕೊಡಿ."

"ನಿನಗ್ಯಾಕೆ? ಇಂಗ್ಲಿಷ್ ಓದಲು ಬರುತ್ತದೇನು?" ಎಂದು ಮ್ಯಾನೇಜರು ರೇಗಿದ.

"ಬರುವುದಿಲ್ಲ ಸಾಹೇಬ್. ಹಚ್ಚು ಅಂತ ನೀವು ಹೇಳಿದಾಗ ತೋರಿಸಲು ಬೇಕು."

ಪದ್ಮಾವತಿ ಮತ್ತೆ ಕುಳಿತಳು. ಇನ್ನೊಂದು ಹಾಳೆ ತೆಗೆದು, ಎಲ್ಲವನ್ನೂ ಅವನಿಗಾಗಿ ಹಿಂದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ತನ್ನ ಹೆಸರನ್ನು ಪೂರ್ತಿಯಾಗಿ ಹಾಕಿ ಕೊಟ್ಟಳು. ದಿಬಾಕರ ಅದನ್ನು ಅಲ್ಲೇ ನಿಂತು, ಬೆರಳಿಟ್ಟು, ಒಂದೊಂದೇ ಸಾಲು ಓದಿದ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಮ್ಯಾನೇಜರಿನ ಟೇಬಲ್ಲಿನ ಮೇಲಿಟ್ಟು, ಹೊರಗೆ ಹೋಗಿ ಬಿಸಿಲಿನಲ್ಲಿ ಕುಳಿತ.